ಬಡವರೆಂದು ಸಾಬೀತಾಗುವ ಬಗೆ

ಬಡತನವು ಅನುಭವಿಸುವವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಗುವ, ಆದರೆ ಸರ್ಕಾರಕ್ಕೆ ಗೊತ್ತುಮಾಡಿಸಬೇಕಾದರೆ ಓಡಾಟ, ಜೆರಾಕ್ಸ್ ಮತ್ತು ಬಸ್ ಚಾರ್ಜನ್ನು ಬೇಡುವ ಒಂದು ವಿಶಿಷ್ಟ ಸ್ಥಿತಿಯಾಗಿದೆ. ಕಾಲೇಜು ಸೇರಿದವರಿಗೆ ಕರ್ನಾಟಕದಲ್ಲಿ ನೆರವಿನ ಬರವೇನೂ ಇಲ್ಲ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ಶುಲ್ಕ ವಿನಾಯಿತಿಯಿದೆ, ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಊಟ-ವಸತಿಯ ಲೆಕ್ಕದಲ್ಲಿ ತಿಂಗಳಿಗಿಷ್ಟೆಂದು 10 ತಿಂಗಳು ಹಣ ಕೊಡುವ ವಿದ್ಯಾಸಿರಿಯಿದೆ, ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿಯೂ ಆರಂಭವಾಯಿತು. ಇಷ್ಟೂ ಸಾಲದಿದ್ದರೆ 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳದ ಶೈಕ್ಷಣಿಕ ಸಾಲವೂ ಇದ್ದು, ಬ್ಯಾಂಕ್ ಮ್ಯಾನೇಜರು ಆ ನಿಯಮವನ್ನು ಸಂಪೂರ್ಣವಾಗಿ ಒಪ್ಪಿಕೊಂಡೇ 'ಆದರೂ ಊರಲ್ಲಿ ಏನಾದರೂ ಜಮೀನು?' ಎಂದು ಲೋಕಾಭಿರಾಮವಾಗಿ ವಿಚಾರಿಸುವುದುಂಟು.

ಈ ನೆರವುಗಳಲ್ಲಿ ಹೆಚ್ಚಿನವಕ್ಕೆ ಮೂಲಧಾತು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹೋಬಳಿ ಮಟ್ಟದ ಕಂದಾಯ ಕಚೇರಿಯಾದ ನಾಡಕಚೇರಿಯು ಇದನ್ನು ನೀಡುವಾಗ ಆರ್‌ಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಉದ್ದನೆಯ ಸಂಖ್ಯೆಯೊಂದನ್ನು ದಯಪಾಲಿಸುತ್ತದೆ. ಅದನ್ನು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ತುಂಬಿದಾಗ ಮಾತ್ರ ಬಡತನಕ್ಕೆ ಜೀವ ಬರುತ್ತದೆ. ಆದಾಯ ಪ್ರಮಾಣಪತ್ರದ ಆಯಸ್ಸು ಐದು ವರ್ಷ. ಅಷ್ಟರೊಳಗೆ ಮಳೆ ಎಷ್ಟು ಸಲ ಕೈಕೊಟ್ಟರೂ, ಟೊಮೆಟೊ ಎಷ್ಟು ಸಲ ರಸ್ತೆಗೆ ಬಿದ್ದರೂ, ಕಾಗದದ ಮೇಲಿನ ಆದಾಯ ಮಾತ್ರ ಕದಲುವುದಿಲ್ಲ.

ಈ ವ್ಯವಸ್ಥೆಯ ಮರ್ಮಸ್ಥಾನವೆಂದರೆ ಓಟಿಪಿ, ಅಂದರೆ ಅರ್ಜಿದಾರನು ಅರ್ಜಿದಾರನೇ ಹೌದೆಂದು ಖಾತ್ರಿಪಡಿಸಲು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬಂದು, ಕೆಲವೇ ನಿಮಿಷಗಳಲ್ಲಿ ಕಣ್ಮುಚ್ಚುವ ಆರಂಕಿಯ ಸಂಖ್ಯೆ. ಅರ್ಜಿದಾರ ಪೇಟೆಯ ಸೈಬರ್ ಸೆಂಟರಿನಲ್ಲಿರುತ್ತಾನೆ. ಆಧಾರ್ ಮಾಡಿಸಿದಾಗ ಆತ ಚಿಕ್ಕವನಾಗಿದ್ದುದರಿಂದ ನಂಬರು ತಂದೆಯದಾಗಿರುತ್ತದೆ. ತಂದೆ ತೋಟದಲ್ಲಿ, ಮೊಬೈಲು ಪಂಪ್‌ಸೆಟ್ ಮನೆಯ ಮೊಳೆಗೆ ನೇತುಬಿದ್ದ ಅಂಗಿಯ ಜೇಬಿನಲ್ಲಿ, ಸಿಗ್ನಲ್ಲು ಇವರಿಬ್ಬರಿಗೂ ದೂರವಾದ ಬದುವಿನ ಮೇಲೆ. ಮಗ ಕರೆ ಮಾಡಿ ಮೆಸೇಜಿನಲ್ಲಿರುವ ನಂಬರು ಓದೆಂದರೆ, ಓಟಿಪಿಯನ್ನು ಯಾರಿಗೂ ಹೇಳಕೂಡದೆಂಬ ಎಚ್ಚರಿಕೆಯನ್ನು ಕೇಳಿ ಕೇಳಿ ಪಕ್ವವಾಗಿರುವ ತಂದೆ, ಆ ಕಡೆ ಇರುವವನು ಮಗನೇ ಹೌದೋ ಎಂದು ತಿಳಿಯಲು 'ಕೆಂದ ಹಸು ಯಾವಾಗ ಕರು ಹಾಕಿತು?' ಎಂದು ಕೇಳುತ್ತಾರೆ. ಸರ್ಕಾರಿ ದೃಢೀಕರಣದ ಹೊಟ್ಟೆಯೊಳಗೆ ಹೀಗೊಂದು ಕೌಟುಂಬಿಕ ದೃಢೀಕರಣ ನಡೆದು, ಮಗ 'ಯುಗಾದಿ ಮಾರನೇ ದಿನ' ಎಂದು ತೇರ್ಗಡೆಯಾದ ಮೇಲೆ, ತಂದೆ ಬದು ಹತ್ತಿ, ಕನ್ನಡಕ ಮನೆಯಲ್ಲಿರುವುದರಿಂದ ಫೋನನ್ನು ಕೈಯುದ್ದಕ್ಕೆ ಹಿಡಿದು, 'ಎರಡು, ಒಂಬತ್ತು, ಒಂಬತ್ತು' ಎಂದು ಓದುತ್ತಾರೆ. ಅದು ರೀಚಾರ್ಜ್ ಆಫರು. ಆರು ಅಂಕಿ ಇರಬೇಕೆಂದು ಮಗ ಕೂಗಿದರೆ, 'ಇಲ್ಲಿ ಮೂರೇ ಇವೆ, ಉಳಿದದ್ದು ಹಿಂದೆ ಬರ್ತಿರಬೇಕು' ಎಂಬ ಸಮಾಧಾನದ ಉತ್ತರ ಬರುತ್ತದೆ. ಅವಧಿ ಮೀರಿ ಮಗ ಎರಡನೆಯ ಓಟಿಪಿ ಬೇಡಿದ ಗಳಿಗೆಯಲ್ಲಿ ಮೊದಲನೆಯದು ತಲುಪುತ್ತದೆ, ತಂದೆ ಅದನ್ನು ಸರಿಯಾಗಿಯೇ ಓದುತ್ತಾರೆ, ಪೋರ್ಟಲ್ಲು ತಪ್ಪೆನ್ನುತ್ತದೆ, ತಾವು ಓದಿದ್ದು ತಪ್ಪೆನಿಸಿಕೊಂಡ ತಂದೆ ಸಿಟ್ಟಿನಿಂದ ಫೋನಿಡುತ್ತಾರೆ. ಮತ್ತೆ ಕರೆ, ಮತ್ತೆ ಬದು, ಸರತಿಯಲ್ಲಿ ನಿಂತ ಅಪರಿಚಿತರಿಂದಲೂ ಒಂದೊಂದೇ ಅಂಕಿಯ ಸಾಮೂಹಿಕ ಪಠಣ. ಕೊನೆಗೆ ಆರನೆಯ ಅಂಕಿ ಚೌಕದೊಳಗೆ ಬಿದ್ದಾಗ ಪರದೆಯ ಮೇಲೆ 'ಸೆಷನ್ ಮುಗಿದಿದೆ' ಎಂಬ ವಾಕ್ಯ ಮೂಡುತ್ತದೆ. ಪ್ರಸ್ತುತ ಪ್ರಬಂಧಕಾರರೂ ಈ ಅರ್ಜಿದಾರರ ಪಂಥಕ್ಕೆ ಸೇರಿದವರೇ ಆಗಿದ್ದು, 'ಅರ್ಜಿ ಸಲ್ಲಿಕೆಯಾಗಿದೆ' ಎಂಬ ಹಸಿರು ಅಕ್ಷರಗಳನ್ನು ಕಂಡರೆ ಈಗಲೂ ಪುಳಕಗೊಳ್ಳುವ ಚಟವನ್ನು ಬಿಟ್ಟಿಲ್ಲವಾದ್ದರಿಂದ, ಈ ಭಾಗ ತುಸು ದೀರ್ಘವಾಗಿದೆ.

ಸಲ್ಲಿಕೆಯ ನಂತರದ ಕಥೆ ಚಿಕ್ಕದು. ಕಾಲೇಜು ಪರಿಶೀಲಿಸುತ್ತದೆ, ಇಲಾಖೆ ಮಂಜೂರು ಮಾಡುತ್ತದೆ, ಹಣವು ಆಧಾರ್ ಜೋಡಣೆಯಾದ ಖಾತೆಗೆ, ಎಂದರೆ ಎಂದೋ ತೆರೆದು ಮರೆತ ಖಾತೆಗೆ, ಪರೀಕ್ಷೆಯ ಶುಲ್ಕವನ್ನು ಕೈಸಾಲ ಮಾಡಿ ಕಟ್ಟಿಯಾದ ಮೇಲೆ ಬಂದು ಕೂರುತ್ತದೆ.

ಇದಕ್ಕಿಂತ ವಾರಾನ್ನದ ಕಾಲವೇ ವಾಸಿ, ಒಂದು ಕಾಗದವೂ ಬೇಕಿರಲಿಲ್ಲ ಎನ್ನುವ ಹಿರಿಯರು ಮದುವೆಮನೆಗಳಲ್ಲಿ ಸಿಗುತ್ತಾರೆ. ವಾರಾನ್ನವೆಂದರೆ ಬಡ ಹುಡುಗನು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ ಪದ್ಧತಿ. ಇದೇ ಹಿರಿಯರು ಪಾಯಸ ಬರುವಷ್ಟರಲ್ಲಿ 'ಈಗೆಲ್ಲ ಅವರಿಗೇ ಫ್ರೀ' ಎಂದೂ ಸೇರಿಸುತ್ತಾರೆ. ವಾರಾನ್ನಕ್ಕೂ ಜಾತಿ ಪ್ರಮಾಣಪತ್ರ ಬೇಕಾಗಿತ್ತೆಂಬುದನ್ನು ಇವರು ಜಾಣತನದಿಂದ ಮರೆಯುತ್ತಾರೆ. ಅದನ್ನು ಹುಟ್ಟುವಾಗಲೇ ತಂದಿರಬೇಕಿತ್ತು, ತರದವನು ಜಗಲಿಯನ್ನೂ ಹತ್ತುವಂತಿರಲಿಲ್ಲ. ಜಾತಿ ಕೇಳದೆ ಅನ್ನ, ಅಕ್ಷರ ಕೊಟ್ಟ ತುಮಕೂರಿನ ಸಿದ್ಧಗಂಗಾ ಮಠದಂಥ ನೆರಳು ಎಲ್ಲ ಊರಿಗೂ ಇರಲಿಲ್ಲ.

ವಾರಾನ್ನದ ಹುಡುಗ ಬುಧವಾರದ ಮನೆಯ ಸಾರಿಗೆ ಉಪ್ಪು ಸಾಲದೆಂದಿದ್ದರೆ ಮುಂದಿನ ಬುಧವಾರ ಉಪವಾಸ ಬೀಳುತ್ತಿದ್ದನು. ಇಂದಿನ ಅರ್ಜಿದಾರನಾದರೋ ಪೋರ್ಟಲ್ಲನ್ನೂ ಅದನ್ನು ಕಟ್ಟಿದವರನ್ನೂ ಸೈಬರ್ ಸೆಂಟರಿನ ಬಾಗಿಲಲ್ಲಿ ನಿಂತು ಮನಸಾರೆ ಬೈದು, ಒಳಗೆ ಹೋಗಿ ಅದೇ ಪೋರ್ಟಲ್ಲಿಗೆ ಮತ್ತೆ ಲಾಗಿನ್ ಆಗುತ್ತಾನೆ. ಅರ್ಜಿ ತಿರಸ್ಕರಿಸಲು ಇರುವ ಕಾರಣಗಳ ಪಟ್ಟಿ ಉದ್ದವಿದ್ದರೂ ಬೈಗುಳವನ್ನು ಅದರಲ್ಲಿ ಇನ್ನೂ ಸೇರಿಸಿಲ್ಲ.