ಕಡ್ಡಿ ಪೈಲ್ವಾನನ ಕೊಬ್ಬು

ಕ್ಯಾಲಿಫೋರ್ನಿಯಾದ ಸನಿವೇಲ್‌ನ ಕನ್ನಡದ ಹುಡುಗ 175 ಸೆಂ.ಮೀ. ಎತ್ತರವಿದ್ದು 58 ಕಿಲೋ ತೂಗಿದರೆ ಸಾಕು, ಊರಿಂದ ಬಂದ ಅಮ್ಮ ವಿಮಾನ ನಿಲ್ದಾಣದಲ್ಲೇ ಶುರು: "ಏನೋ ಇದು, ಎಲುಬು ಎಣಿಸಬಹುದಲ್ಲೋ!" ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಲೆಕ್ಕದಲ್ಲಿ ಅವನು ಸುಮಾರು 19; 18.5 ದಾಟಿದರೆ ಪಾಸು. ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ, ತೂಕ ತಾನಾಗಿ ಇಳಿಯುತ್ತಿಲ್ಲ ಎಂದರೆ ಸಣಕಲನೂ ಗಟ್ಟಿಗನೇ ಇರಬಹುದು.

ಹಾಗಂತ ಬೀಗಬೇಕಿಲ್ಲ.

ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಜೋಡಿ ಫೋಟೋ ಹಾಕಿಸಿದರು. ಇಬ್ಬರದೂ ಬಿಎಂಐ 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ನಮ್ಮವರಿಗೆ ಶೇ. 21.2! ಅಂಗಿಯೊಳಗೆ ಅಡಗಿಸುವ ಕಲೆ ನಮಗೆ ರಕ್ತಗತ.

ಅಡಗಿದ ಈ ಕೊಬ್ಬು ಹೃದಯಕ್ಕೆ ಒಳ್ಳೆಯದಲ್ಲ. ಸನಿವೇಲ್ ಪಕ್ಕದ ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಿಂದಲೇ ದಕ್ಷಿಣ ಏಷ್ಯಾದವರಿಗಾಗಿ ಹೃದಯ ಕೇಂದ್ರವೊಂದಿದೆ. ತಕ್ಕಡಿ ಮುಚ್ಚಿಟ್ಟದ್ದನ್ನು ರಕ್ತಪರೀಕ್ಷೆ ಅಲ್ಲಿ ಬಾಯಿಬಿಡಿಸುತ್ತದೆ.