ಪಟ್ಟಾಪಟ್ಟಿಯ ಒಳಜೇಬು

ಬೆಳಗಿನ ವಾಕಿಂಗ್‌ಗೆ ಹೋಗುವವನ ಮೈಮೇಲೆ ಆತ್ಮರಕ್ಷಣೆಗೆ ಏನಾದರೊಂದು ಇರಲೇಬೇಕು, ಇರುವುದು ಯಾರ ಕಣ್ಣಿಗೂ ಬೀಳಬಾರದು. ನಿವೃತ್ತನಾದ ಮೇಲೆ ನಾನು ತಳೆದ ಸಿದ್ಧಾಂತಗಳಲ್ಲಿ ಇದೂ ಒಂದು. ಪತ್ರಿಕೆ ತೆರೆದರೆ ಸರಗಳ್ಳರು, ಗೇಟು ತೆರೆದರೆ ಬೀದಿನಾಯಿಗಳು. ನಮ್ಮ ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ ಕೊಡುತ್ತಾರೆ, ಗುಳಿಕಕಾಲ ಕೊಡುತ್ತಾರೆ. ಚೆಲುವಾಂಬ ಪಾರ್ಕಿಗೆ ಹೋಗುವವರಿಗೆ ನಿಜವಾಗಿ ಬೇಕಾದ ನಾಯಿಕಾಲ ಮಾತ್ರ ಕೊಡುವುದಿಲ್ಲ.

"ನಿಮ್ಮ ಹತ್ತಿರ ಕದಿಯೋಕೆ ಏನಿದೆ ರೀ? ಸರ ಇರೋದು ನನ್ನ ಕೊರಳಲ್ಲಿ" ಎಂದಳು ಹೆಂಡತಿ. ಹೆಂಗಸರಿಗೆ ಭದ್ರತಾ ವಿಷಯಗಳು ಅರ್ಥವಾಗುವುದಿಲ್ಲ ಎಂದು ನಾನು ಮೌನ ವಹಿಸಿದೆ.

ಮೊದಲು ಹೋದದ್ದು ಹಿಂದಿನ ರಸ್ತೆಯ ಕೊಡಗಿನ ಕರ್ನಲ್ ಸಾಹೇಬರ ಬಳಿಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದಲೂ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದೆ. "ನಿಮಗೆ ಜಮ್ಮಾ ಭೂಮಿ ಉಂಟಾ?" ಎಂದರು. ನನಗಿರುವುದು ಮೂವತ್ತು-ನಲವತ್ತರ ಸೈಟು, ಅದರಲ್ಲೂ ಅರ್ಧ ಜಾಗ ನುಗ್ಗೆಮರದ್ದು. "ಹಾಗಾದ್ರೆ ಪೊಲೀಸ್ ಕಮಿಷನರ್ ಆಫೀಸಿಗೆ ಅರ್ಜಿ ಹಾಕಿ. ಯಾಕೆ ಬೇಕು, ಯಾರಿಂದ ಪ್ರಾಣಭಯ ಅಂತ ಕಾರಣ ಹೇಳಬೇಕಾಗ್ತದೆ." ಕಾಳಿದಾಸ ರಸ್ತೆಯ ಕಂದು ನಾಯಿಯಿಂದ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಮೇಲಾಗಿ ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತದಂತೆ. ನಮ್ಮಲ್ಲಿ ಚುನಾವಣೆ ಬರದ ವರ್ಷ ಯಾವುದು?

ಆಮೇಲೆ ಗುಪ್ತಿಯ ಯೋಚನೆ ಬಂತು. ನೋಡಲು ಊರುಗೋಲು, ಹಿಡಿ ಎಳೆದರೆ ಒಳಗೆ ಕತ್ತಿ. ನನ್ನ ಮಂಡಿನೋವಿಗೂ ಆಯಿತು, ಮಾನಕ್ಕೂ ಆಯಿತು. ಆದರೆ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ ಮಾಡಿದವರು ಗುಪ್ತಿಯನ್ನೂ ಬಿಟ್ಟಿಲ್ಲ. ಒಂಬತ್ತು ಅಂಗುಲಕ್ಕಿಂತ ಉದ್ದದ, ಇಲ್ಲವೇ ಎರಡು ಅಂಗುಲಕ್ಕಿಂತ ಅಗಲದ ಅಲಗಿನ ಚಾಕುವೂ ಪಟ್ಟಿಯಲ್ಲಿದೆ. ಮನೆಗೆಲಸಕ್ಕೆಂದು ಮಾಡಿದ್ದಕ್ಕೆ ರಿಯಾಯಿತಿ ಉಂಟು. ಇದನ್ನು ಗಟ್ಟಿಯಾಗಿ ಓದಿ ಹೇಳಿದೆ. "ಸರಿ, ಈಳಿಗೆಮಣೆ ತಗೊಂಡು ಹೋಗಿ. ಬರುವಾಗ ಸೊಪ್ಪು ಹೆಚ್ಚಿಕೊಂಡೇ ಬರಬಹುದು" ಎಂದಳು.

ಮೈಸೂರಿನವನಾಗಿ ವಜ್ರಮುಷ್ಟಿಯನ್ನು ನೆನೆಯದೆ ಇರಲಾದೀತೆ? ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ಜೆಟ್ಟಿಗಳು ಬೆರಳಿಗೆ ತೊಟ್ಟು ಸೆಣಸುವ ಆಯುಧ; ಮುಷ್ಟಿ ಮುಚ್ಚಿದರೆ ಹೆಚ್ಚೇನೂ ಕಾಣದು. ಅದಕ್ಕೆ ತಲೆ ಬೋಳಿಸಿಕೊಳ್ಳಬೇಕು. ಆ ಖರ್ಚನ್ನು ನನಗೆ ದೇವರೇ ಉಳಿಸಿದ್ದಾನೆ. ಆದರೆ ಕಾಳಗ ಮುಗಿಯುವುದು ಮೊದಲ ಹನಿ ರಕ್ತ ಕಂಡಾಗ. ಆ ಹನಿ ಯಾರದಿರುತ್ತದೆ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯವಿರಲಿಲ್ಲ.

ಕೊನೆಗೆ ಬೆಂಗಳೂರಿನ ಮಗಳು ಫೋನಿನಲ್ಲಿ, "ಅಪ್ಪ, ಸುಮ್ನೆ ಪೆಪ್ಪರ್ ಸ್ಪ್ರೇ ತಗೋ" ಎಂದಳು. ಅದರಲ್ಲಿರುವುದು ಕಾಳುಮೆಣಸಲ್ಲ, ಮೆಣಸಿನಕಾಯಿಯ ಸತ್ವ ಎಂದು ತಿಳಿದ ಕೂಡಲೇ ನನ್ನೊಳಗಿನ ಉಳಿತಾಯಗಾರ ಎದ್ದು ಕುಳಿತ. ಮನೆಯಲ್ಲಿ ಡಬ್ಬಿ ತುಂಬ ಮೆಣಸಿನಪುಡಿ ಇರುವಾಗ ದುಡ್ಡು ಕೊಟ್ಟು ತರುವುದೇಕೆ? ಪೊಟ್ಟಣ ಕಟ್ಟುತ್ತಿದ್ದಾಗ ಸಿಕ್ಕಿಬಿದ್ದೆ.

"ಅದು ಬ್ಯಾಡಗಿ ರೀ. ಬಣ್ಣಕ್ಕೆ ಹಾಕೋದು. ಕಳ್ಳನಿಗೆ ಹೋಳಿ ಆಡಿಸಿ ಕಳಿಸಿದ ಹಾಗಾಗುತ್ತೆ."

2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಮೆಣಸಿನಕಾಯಿ ಖ್ಯಾತವಾಗಿರುವುದೇ ಕೆಂಪು ಹೆಚ್ಚು, ಖಾರ ಕಡಿಮೆ ಎಂದು. ಖಾರದ ಗುಂಟೂರು ನಮ್ಮ ಅಡಿಗೆಮನೆಗೆ ಬರುವುದು ನಿಂತು ಬಹಳ ಕಾಲವಾಯಿತು, ನನ್ನ ಹೊಟ್ಟೆಯ ದೆಸೆಯಿಂದ. ಸ್ಪ್ರೇ ಕೊಂಡೆ.

ನಿಜವಾದ ಸಮಸ್ಯೆ ಶುರುವಾದದ್ದು ಇಲ್ಲಿಂದ. ಇಡುವುದೆಲ್ಲಿ? ಅಂಗಿಯ ಜೇಬಿನಲ್ಲಿಟ್ಟರೆ ಬಗ್ಗಿದಾಗ ಬೀಳುತ್ತದೆ. ಪ್ಯಾಂಟಿನ ಜೇಬಿನಲ್ಲಿಟ್ಟರೆ ಉಬ್ಬು ಕಂಡು ಪಾರ್ಕಿನ ಗೆಳೆಯರು "ಏನ್ ಸಾರ್ ಅದು?" ಎನ್ನುತ್ತಾರೆ. ನಾನೋ ಪಂಚೆಯವನು. ಪಂಚೆಯ ಮೇಲೆ ಹಸಿರು ಬೆಲ್ಟು ಬಿಗಿದರೆ ರಾಗಿ ವ್ಯಾಪಾರಕ್ಕೆ ಹೊರಟವನೆಂದು ದರ ಕೇಳುತ್ತಾರೆ. ಈ ಬಿಕ್ಕಟ್ಟನ್ನು ನಮ್ಮ ಹಿರಿಯರು ಎಂದೋ ಬಿಡಿಸಿದ್ದರು. ಸಂತೆಗೆ ಎತ್ತು ಕೊಳ್ಳಲು ಹೋಗುವಾಗ ಅವರ ದುಡ್ಡು ಇರುತ್ತಿದ್ದದ್ದು ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ. ಸಂತೇಪೇಟೆಯಲ್ಲಿ ಹುಡುಕಿ ತಂದೆ: ನೀಲಿ ಪಟ್ಟೆ, ಆಳವಾದ ಜೇಬು, ಅದಕ್ಕೊಂದು ಜಿಪ್ಪು.

ಹಜಾರದಲ್ಲಿ ತಾಲೀಮು. ಹೆಂಡತಿ ಅವರೆಕಾಯಿ ಸುಲಿಯುತ್ತಲೇ "ಹೂಂ, ನಾನು ಕಳ್ಳ" ಎಂದಳು. ನಾನು ಪಂಚೆ ಎತ್ತಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಜೇಬು ಹಿಡಿದು ಬಲಗೈಯಲ್ಲಿ ಜಿಪ್ಪು ಎಳೆದೆ. ಜಿಪ್ಪು ಅರ್ಧಕ್ಕೆ ಬಂದು ದಾರ ಕಚ್ಚಿ ನಿಂತಿತು. ಬೈಯೋಣವೆಂದರೆ ಬಾಯಲ್ಲಿ ಪಂಚೆ. ಅಷ್ಟರಲ್ಲಿ ಕಳ್ಳ ಎದ್ದು ಬಂದು ನನ್ನ ಕನ್ನಡಕ, ಮೊಬೈಲು, ಮನೆ ಬೀಗದ ಕೈ ತೆಗೆದುಕೊಂಡು ಮತ್ತೆ ಅವರೆಕಾಯಿಗೆ ಕುಳಿತಾಗಿತ್ತು. ಎದುರುಮನೆಯಾಕೆ ಕರಿಬೇವು ಕೇಳಲು ಒಳಗೆ ಬಂದದ್ದು ಅದೇ ಹೊತ್ತಿಗೆ. ಕರಿಬೇವು ಕೇಳದೆಯೇ ಹೋದರು.

"ಕಳ್ಳನ್ನ ಹಿಡಿಯೋ ಮುಂಚೆ ಪೊಲೀಸರು ನಿಮ್ಮನ್ನೇ ಹಿಡೀತಾರೆ" ಎಂದಳು ಇವಳು. ಆಮೇಲೆ ಬಲಗೈ ಬಳೆಯಿಂದ ಒಂದು ಪಿನ್ನು ಕಳಚಿ ನನ್ನ ಮುಂದೆ ಹಿಡಿದಳು. ಅವರೆಕಾಯಿಯಿಂದ ಕಣ್ಣು ಎತ್ತಿರಲಿಲ್ಲ. ಮಹಾರಾಣಿ ಕಾಲೇಜಿಗೆ ಸಿಟಿ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ಕಾಲದಿಂದ ಬಳೆಯಲ್ಲೊಂದು, ತಾಳಿ ಬಂದ ಮೇಲೆ ಸರದಲ್ಲೊಂದು, ಸೆರಗಿನ ಒಳಮಗ್ಗುಲಲ್ಲೊಂದು. ಹಿಂದಿನಿಂದ ಒತ್ತಿಕೊಂಡು ನಿಲ್ಲುತ್ತಿದ್ದ ಎಷ್ಟೋ ಮಹಾಶಯರು ಒಂದು ಸ್ಟಾಪು ಮೊದಲೇ ಇಳಿದಿದ್ದಾರಂತೆ. ಅವಳ ಗೆಳತಿಯರೆಲ್ಲರ ಬಳಿಯೂ ಇರುತ್ತಿತ್ತಂತೆ. ಇಷ್ಟು ವರ್ಷ ಈ ಶಸ್ತ್ರಾಗಾರದ ಪಕ್ಕದಲ್ಲೇ ಮಲಗಿದ್ದೆ. ಪಿನ್ನಿರುವುದು ಸೀರೆಯ ನೆರಿಗೆಗೆ ಎಂದುಕೊಂಡಿದ್ದೆ. ಲೈಸೆನ್ಸಿಲ್ಲ, ಚುನಾವಣೆಗೆ ಒಪ್ಪಿಸುವುದಿಲ್ಲ, ಜಿಪ್ಪಂತೂ ಇಲ್ಲವೇ ಇಲ್ಲ.

ಪಟ್ಟಾಪಟ್ಟಿ ದಂಡವಾಗಲಿಲ್ಲ. ಮೊನ್ನೆ ನೆಂಟರ ಮನೆ ಮದುವೆಗೆ ಬ್ಯಾಂಕಿನ ಲಾಕರಿನಿಂದ ಒಡವೆ ತರಬೇಕಿತ್ತು. ವ್ಯಾನಿಟಿ ಬ್ಯಾಗನ್ನು ಕಸಿಯುತ್ತಾರೆ, ನಿಮ್ಮ ಪಂಚೆಗೆ ಯಾರು ಕೈ ಹಾಕುತ್ತಾರೆ ಎಂದು ಇವಳೇ ತೀರ್ಮಾನಿಸಿದಳು. ಲಾಕರಿನ ಕೋಣೆಯಲ್ಲೇ ಅಡ್ಡಿಕೆ, ಜುಮುಕಿ, ಅವಳ ತಾಯಿಯ ಕಡಗ ಎಲ್ಲ ಆ ಜೇಬಿಗೆ ಇಳಿದವು. ಕೆಟ್ಟ ಜಿಪ್ಪಿನ ಮೇಲೆ ಬಳೆಯ ಪಿನ್ನು ಹಾಕಿದಳು. ನಾನು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಮಾತೃಮಂಡಳಿ ಸರ್ಕಲ್ ಹತ್ತಿರ ಬರುವಷ್ಟರಲ್ಲಿ ಜುಮುಕಿಯ ತಿರುಪು ತೊಡೆಗೆ ಚುಚ್ಚತೊಡಗಿತು.

"ಆಟೋ ಹಿಡಿಯೋಣ ಕಣೇ, ಚುಚ್ತಾ ಇದೆ."

"ಚುಚ್ಚಲಿ. ಕಾಲು ಅಗಲ ಮಾಡದೆ ನೆಟ್ಟಗೆ ನಡೀರಿ, ಜನ ನೋಡ್ತಿದಾರೆ."