ಸೆವಿಲ್ಲಿನಲ್ಲಿ ಐದು ದಿನದ ಸಂಸಾರ

ನಾನು ಕುಣಿಗಲ್ಲಿನ ಮಗಳು, ಗುಬ್ಬಿಯ ಸೊಸೆ, ಈಗ ತುಮಕೂರಿನ ಮನೆಯೊಡತಿ. ಮೂರು ಊರಿನ ಒಲೆಯನ್ನೂ ಊದಿದವಳು. ಮ್ಯೂನಿಕ್ಕಿನಲ್ಲಿರುವ ಮಗ ಫೋನು ಮಾಡಿ, "ಅಮ್ಮಾ, ಜನವರೀಲಿ ಇಲ್ಲಿಗೆ ಬಂದಾಗ ಐದು ದಿನ ಸ್ಪೇನಿಗೆ ಹೋಗೋಣ. ನೀನು ಅಲ್ಲಿ ಒಲೆ ಮುಟ್ಟಬಾರದು" ಅಂದ. ಮುಟ್ಟುವುದಿಲ್ಲ ಅಂತ ಸಿದ್ಧಗಂಗೆಯ ದಿಕ್ಕಿಗೆ ಕೈ ಮುಗಿದು ಆಣೆ ಇಟ್ಟೆ. ಅದೇ ಕೈಯಲ್ಲಿ ಆವತ್ತು ಸಂಜೆಯಿಂದಲೇ ಸೂಟ್‌ಕೇಸು ತುಂಬತೊಡಗಿದೆ. ರಾಗಿ ಹಿಟ್ಟು ನಾಲ್ಕು ಕಿಲೊ, ಸಾರಿನ ಪುಡಿ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಹುರಿಗಾಳು, ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರು, ಅದರೊಳಗೆ ಜಾಗ ಹಾಳಾಗಬಾರದು ಅಂತ ತೊಗರಿಬೇಳೆ, ಕೊನೆಗೆ ಓರೆಯಾಗಿ ಮುದ್ದೆ ಕೋಲು. ಇವರು ತೂಕ ನೋಡಿ, "ಪ್ರವಾಸಕ್ಕೆ ಹೋಗ್ತಿದೀಯೋ, ದಾಸೋಹ ನಡೆಸೋಕೋ?" ಅಂದರು.

ಮಗ ಹೋಟೆಲು ಬಿಟ್ಟು 'ಸೆಲ್ಫ್ ಕೇಟರಿಂಗ್ ಅಪಾರ್ಟ್‌ಮೆಂಟು' ಗೊತ್ತು ಮಾಡಿದ್ದ.

"ಹಾಗಂದ್ರೆ ಏನಪ್ಪಾ?"

"ಅಡುಗೆಮನೆ, ಪಾತ್ರೆ ಎಲ್ಲಾ ಇರತ್ತೆ. ಬೇಕಾದ್ರೆ ನಾವೇ ಮಾಡ್ಕೊಂಡು ತಿನ್ನಬಹುದು."

"ಅದಕ್ಕೆ ನಮ್ಮೂರಲ್ಲಿ ಮನೆ ಅಂತಾರೆ."

ಸೆವಿಲ್ಲು ಸ್ಪೇನಿನ ದಕ್ಷಿಣಕ್ಕಿದೆ. ಊರಿನ ಹೊಟ್ಟೆಯಲ್ಲಿ ಸಾಂತಾ ಕ್ರೂಜ್ ಅನ್ನುವ ಹಳೇ ಪೇಟೆ. ಎರಡು ಕೈ ಚಾಚಿದರೆ ಎರಡೂ ಕಡೆ ಗೋಡೆ ತಾಗುವಂಥ ಓಣಿಗಳು. ಟ್ಯಾಕ್ಸಿಯವನು ಓಣಿಯ ಬಾಯಲ್ಲೇ ಇಳಿಸಿ ಹೋದ. ಕಲ್ಲುಹಾಸಿನ ಮೇಲೆ ನನ್ನ ಸೂಟ್‌ಕೇಸು ಗಡಗಡ ಉರುಳುವ ಸದ್ದಿಗೆ ಮೇಲಿನ ಕಿಟಕಿಗಳು ತೆರೆದವು. ಗುಬ್ಬಿಯಲ್ಲಿ ಹೊಸ ಸೊಸೆ ಬಂದಾಗಲೂ ಹೀಗೇ ತೆರೆದಿದ್ದವು.

ಹೊರಗಿನಿಂದ ನೋಡಿದರೆ ಬರೀ ಬೋಳು ಗೋಡೆ. ಒಂದು ಕಬ್ಬಿಣದ ಜಾಲರಿ ಬಾಗಿಲು. ತೆರೆದರೆ ನಡುವೆ ಅಂಗಳ, ಅಂಗಳದ ನಾಲ್ಕೂ ಕಡೆ ಕಂಬ, ಕಂಬದಾಚೆ ಪಡಸಾಲೆ, ತಲೆಯ ಮೇಲೆ ಚೌಕಾಕಾರದ ಆಕಾಶ. ಇವರು ಕೈಲಿದ್ದ ಚೀಲ ಕೆಳಗಿಟ್ಟರು.

"ಲೇ, ಇದು ನಮ್ಮ ತೊಟ್ಟಿ ಮನೆ ಕಣೇ!"

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಗುಬ್ಬಿಯಲ್ಲಿ ನಮಗೊಂದು ತೊಟ್ಟಿ ಮನೆಯಿತ್ತು. ನಾಡಹೆಂಚು, ಮರದ ಕಂಬ ನಾಲ್ಕು, ಹೊರಗೆ ಜಗಲಿ. ಅದನ್ನು ಕೆಡವಿಸಿದವಳು ನಾನೇ. ಮಳೆ ಬಂದರೆ ಮನೆಯೊಳಗೇ ಬರುತ್ತಿತ್ತು, ಜೊತೆಗೆ ಪಕ್ಕದ ಮನೆಯ ಬೆಕ್ಕೂ ಬರುತ್ತಿತ್ತು. ಬಚ್ಚಲು ಹಿತ್ತಲಿನ ತುದಿಯಲ್ಲಿ. ನಡುರಾತ್ರಿ ಏಳಬೇಕಾದರೆ ಟಾರ್ಚು, ಕೋಲು, ಗಂಡ ಮೂರೂ ಬೇಕು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಒಂದು ಕಂಬ. ನಮ್ಮತ್ತೆ ಮಧ್ಯಾಹ್ನ ಊಟವಾದ ಮೇಲೆ ಅದಕ್ಕೇ ತಲೆ ಆನಿಸಿ ಕೂರುತ್ತಿದ್ದರು. ತಲೆಗೆ ದಿನಾ ತಿಪಟೂರು ಕೊಬ್ಬರಿಯ ಎಣ್ಣೆ. ನಲವತ್ತು ವರ್ಷ ಕೂತು ಕೂತು ಅಲ್ಲಿ ತಟ್ಟೆ ಇಡ್ಲಿಯಗಲದ ಕರೀ ಕಲೆ. ಸೋಡಾ ಹಾಕಿ ಉಜ್ಜಿದೆ, ಸೀಗೆಪುಡಿ ಹಾಕಿ ತಿಕ್ಕಿದೆ. ಕಲೆ ಇನ್ನಷ್ಟು ಫಳಫಳ ಹೊಳೆಯಿತು. ಅತ್ತೆ ಹೋದ ಮೇಲೆ, 2016ರಲ್ಲಿ, ನಾನು ಒಂದೇ ಹಟ ಹಿಡಿದೆ: ತುಮಕೂರಿನಲ್ಲಿ ಆರ್.ಸಿ.ಸಿ. ಮನೆ, ಅಟ್ಯಾಚ್ಡ್ ಬಾತ್‌ರೂಮು. ಬೆಂಗಳೂರಿನ ಹಳೇ ಮರದ ವ್ಯಾಪಾರಿಯೊಬ್ಬ ಬಂದು ನಾಲ್ಕು ಕಂಬ, ಹೆಬ್ಬಾಗಿಲು, ತೊಲೆ ಎಲ್ಲಾ ಲಾರಿಗೇರಿಸಿ 18,000 ರೂಪಾಯಿ ಎಣಿಸಿದ. ಸೌದೆಗೂ ಬಾರದ್ದಕ್ಕೆ ಇಷ್ಟು ಕೊಟ್ಟನಲ್ಲ ಅಂತ ಆ ಪುಣ್ಯಾತ್ಮನಿಗೆ ಕಾಫಿ ಬೇರೆ ಮಾಡಿಕೊಟ್ಟೆ.

ಸೆವಿಲ್ಲಿನ ತೊಟ್ಟಿ ಮನೆಗೆ ಬಾಡಿಗೆ ರಾತ್ರಿಗೆ 140 ಯೂರೊ. ಇವರು ಬ್ಯಾಂಕಿನಲ್ಲಿದ್ದವರು, ಲೆಕ್ಕ ಬಾಯಲ್ಲೇ ಇರುತ್ತದೆ. "ಕಂಬ ಒಂದಕ್ಕೆ ಮೂರು ಸಾವಿರ ಅಂತ ಹಿಡಿದ್ರೆ, ಒಂದು ರಾತ್ರಿಗೆ ನಾಲ್ಕು ಕಂಬ" ಅಂದರು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಯೂರೊ ಬರಲೇ ಇಲ್ಲ. ಮೂರು ಜನ ಕಾಫಿ, ತಿಂಡಿ ಮುಗಿಸಿ ಎದ್ದರೆ "ಮುಕ್ಕಾಲು ಕಂಬ" ಅನ್ನುವರು.

ಮನೆ ಸ್ಟೈಲಾಗಿತ್ತು. ಸ್ಟೈಲು ಅಂದರೆ ಯಾವ ವಸ್ತುವೂ ಕಣ್ಣಿಗೆ ಬೀಳಬಾರದು ಅಂತ ಅರ್ಥವಂತೆ. ಬೀರುಗಳಿಗೆ ಹಿಡಿಯಿಲ್ಲ, ಒತ್ತಿದರೆ ತೆರೆಯುತ್ತವೆ. ಫ್ರಿಜ್ಜು ಹುಡುಕಲು ಗೋಡೆಯನ್ನೆಲ್ಲ ಒತ್ತಿ ಒತ್ತಿ ನೋಡಿದೆ, ಪಾತ್ರೆ ತೊಳೆಯುವ ಯಂತ್ರ ಬಾಯಿ ಬಿಟ್ಟಿತು. ಕಣ್ಣಿಗೆ ಕಾಣುವಂತಿದ್ದ ಒಂದೇ ಒಂದು ಸಾಮಾನು ಗೋಡೆಯ ಗೂಡಿನಲ್ಲಿ, ತಲೆಯ ಮೇಲೆ ದೀಪ ಬಿಡಿಸಿಕೊಂಡು, ದೇವರ ಹಾಗೆ ಕೂತಿದ್ದ ಹಿತ್ತಾಳೆ ಕುಟ್ಟಾಣಿ. ಇನ್ನು ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗೋಡೆಯೇ ಇಲ್ಲ, ಗಾಜು! ಅಟ್ಯಾಚ್ಡ್ ಬೇಕು ಅಂತ ಹಟ ಹಿಡಿದವಳು ನಾನೇ ಸರಿ. ಇಷ್ಟೊಂದು ಅಟ್ಯಾಚ್ ಆಗಲಿ ಅಂತ ಕೇಳಿರಲಿಲ್ಲ. ಇವರು ನನ್ನ ಹತ್ತಿ ಸೀರೆಯನ್ನು ದೀಪದ ಕಂಬದಿಂದ ಬೀರುವಿಗೆ ಕಟ್ಟಿ ಪರದೆ ಮಾಡಿದರು. ಗುಬ್ಬಿಯಲ್ಲಿ ಯಾರ ಮನೆಗೆ ಹೋದರೂ ಒಬ್ಬ ತಾತ ನಾಟಕದ ಕಂಪನಿಯಲ್ಲಿ ಇದ್ದವರೇ. ಇವರ ತಾತ ಪರದೆ ಎಳೆಯುತ್ತಿದ್ದರಂತೆ. 1884ರಲ್ಲಿ ಹುಟ್ಟಿದ ಕಂಪನಿ, ಮುಂದೆ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ. ಅದರ ವಾರಸುದಾರರು ಸೆವಿಲ್ಲಿನಲ್ಲಿ ಸೀರೆಯ ಹಿಂದೆ ನಿಂತು, ಬಕೆಟ್ಟು ಚೊಂಬು ಕಾಣದೆ, ಟೀ ಲೋಟದಲ್ಲಿ ನೀರು ಹಿಡಿದು ಸ್ನಾನ ಮಾಡಿದರು.

ಆಣೆ ಮೊದಲ ಸಂಜೆಯೇ ಮುರಿಯಿತು. ಇವರಿಗೆ ಏಳೂವರೆಗೆ ಊಟ. ಸೆವಿಲ್ಲಿನವರಿಗೆ ಏಳೂವರೆ ಅಂದರೆ ಇನ್ನೂ ಮಧ್ಯಾಹ್ನ. ಊಟ ರಾತ್ರಿ ಒಂಬತ್ತರ ಮೇಲೆ. ಬಾಗಿಲು ತೆಗೆದಿದ್ದ ಒಂದು ಅಂಗಡಿಯೊಳಗೆ ಇಣುಕಿದರೆ ಮಾಡಿನಿಂದ ಸಾಲಾಗಿ ಹಂದಿಯ ತೊಡೆಗಳು ನೇತಾಡುತ್ತಿದ್ದವು, ಒಂದೊಂದರ ಕೆಳಗೂ ಜಿಡ್ಡು ಹಿಡಿಯಲು ಪುಟ್ಟ ಬಟ್ಟಲು. ಇವರು ತಲೆ ತಗ್ಗಿಸಿ ಹೊರಬಂದರು. ನಾನು ಮುಖ ಬಾಡಿಸಿಕೊಂಡು, "ಅಯ್ಯೋ, ಮುದ್ದೆ ಮಾಡದೆ ಗತಿಯಿಲ್ವಲ್ಲ" ಅಂದೆ. ಒಳಗೊಳಗೆ ಎಷ್ಟು ಖುಷಿಯಾಯಿತೆಂದರೆ, ಮನೆ ಮುಟ್ಟುವವರೆಗೂ ಮೊಣಕಾಲು ನೋಯಲಿಲ್ಲ.

ಒಲೆ ಇಂಡಕ್ಷನ್ನು. ಕುಕ್ಕರು ಇಟ್ಟರೆ ಏನೋ ಒಂದು ಅಕ್ಷರ ಮಿನುಗಿಸಿ ಸುಮ್ಮನಾಯಿತು. ಮಗ, ಅಪ್ಪ ವಿಮಾನ ನಿಲ್ದಾಣದಲ್ಲೇ ಕೊಂಡಿದ್ದ ಗೂಳಿ ಚಿತ್ರದ ಫ್ರಿಜ್ ಮ್ಯಾಗ್ನೆಟ್ಟನ್ನು ಕುಕ್ಕರಿನ ತಳಕ್ಕೆ ಹಿಡಿದ. ಗೂಳಿ ಜಾರಿ ಬಿತ್ತು. "ನೋಡಮ್ಮಾ, ಅಯಸ್ಕಾಂತ ಹಿಡಿಯದ ಪಾತ್ರೆ ಈ ಒಲೆ ಮೇಲೆ ಕಾಯಲ್ಲ." ತುಮಕೂರಿನಿಂದ ಹೊತ್ತು ತಂದ ಕುಕ್ಕರು ಕೊನೆಯವರೆಗೂ ಬೇಳೆ ಡಬ್ಬಿಯಾಗಿಯೇ ಉಳಿಯಿತು.

ಅವರದೇ ಸ್ಟೀಲು ಪಾತ್ರೆಯಲ್ಲಿ ಎಸರಿಟ್ಟೆ. ಮುದ್ದೆ ತಿರುವುವಾಗ ಊರಲ್ಲಾದರೆ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿಯುತ್ತೇವೆ. ಇಲ್ಲಿ ಇವರನ್ನೇ ಕವೆಗೋಲು ಮಾಡಿ ಹಿಡಿಯ ಮೇಲೆ ನಿಲ್ಲಿಸಿದೆ. ಗಾಜಿನ ಒಲೆ, ನುಣುಪು. ನಾನು ಕೋಲು ತಿರುವಿದ ಹಾಗೆ ಪಾತ್ರೆ ತಿರುಗಿತು, ಪಾತ್ರೆ ತಿರುಗಿದ ಹಾಗೆ ಇವರೂ ತಿರುಗಿದರು. ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿತ್ತು. ಹೊಗೆ ಹೀರುವ ಯಂತ್ರವೂ ಸ್ಟೈಲಿಗೆಂದು ಎಲ್ಲೋ ಬೀರುವಿನೊಳಗೆ ಅಡಗಿತ್ತು. ಘಾಟು ಎದ್ದಿತು, ಮೂವರೂ ಕೆಮ್ಮಿದೆವು, ಮಾಡಿನಲ್ಲಿದ್ದ ಬೆಂಕಿ ಅಲಾರಮ್ಮು ಹೊಡೆದುಕೊಂಡಿತು.

ಅಮೆರಿಕದಿಂದ ಮೆಣಸಿನಕಾಯಿಯನ್ನು ಸ್ಪೇನಿಗೆ ತಂದದ್ದು ಕೊಲಂಬಸ್. ನಮ್ಮ ಕಡೆಗೆ ಅದನ್ನು ಆಮೇಲೆ ಪೋರ್ಚುಗೀಸರು ತಂದರು. 1503ರಿಂದ 1717ರವರೆಗೆ ಅಮೆರಿಕದ ವ್ಯಾಪಾರವನ್ನೆಲ್ಲ ಹಿಡಿದಿಟ್ಟುಕೊಂಡ ಕಚೇರಿ ಇದ್ದದ್ದು ಇದೇ ಸೆವಿಲ್ಲಿನಲ್ಲಿ. ಕೊಲಂಬಸ್ಸಿನ ಗೋರಿಯೂ ಇಲ್ಲಿನ ಕತೀಡ್ರಲ್ಲಿನೊಳಗೇ ಇದೆ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಮೆಣಸಿನಕಾಯಿ ಮರಳಿ ಬಂದ ಸುದ್ದಿ ಆವತ್ತು ಅವನಿಗೂ ಮುಟ್ಟಿರಬೇಕು. ತೊಟ್ಟಿ ಮನೆಯ ಗುಣವೇ ಅದು, ಒಬ್ಬರ ಒಗ್ಗರಣೆ ಎಲ್ಲರಿಗೂ ಗೊತ್ತಾಗುವುದು. ಮೇಲಿನ ಮನೆಯ ಮುದುಕಿಯೊಬ್ಬಳು ಕಟಾಂಜನ ಹಿಡಿದು ಬಗ್ಗಿ ಸ್ಪ್ಯಾನಿಷ್ಷಿನಲ್ಲಿ ಏನೋ ಕೂಗಿದಳು. "ಏನಿಲ್ಲ ಕಣಮ್ಮ, ಒಗ್ಗರಣೆ ಅಷ್ಟೇ" ಅಂತ ನಾನೂ ಕೂಗಿದೆ. ಅವಳಿಗೆ ಸಮಾಧಾನವಾದಂತೆ ಕಂಡಿತು. ದನಿ ಏರಿಸಿದರೆ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ ಅಂತ ನನ್ನ ಅನುಭವ.

ರಾತ್ರಿ ಚಳಿಗೆ ನಿದ್ದೆಯಿಲ್ಲ. ಸೆವಿಲ್ಲಿನ ಹಳೇ ಮನೆಗಳನ್ನು ಬೇಸಿಗೆಗೆಂದೇ ಕಟ್ಟಿರುವುದು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ಗೋಡೆಗೆ ಬಣ್ಣದ ಟೈಲು, ನೆಲಕ್ಕೆ ಕಲ್ಲು. ಹಿಂದೆ ಜನ ಬೇಸಿಗೆಗೆ ಕೆಳಗಿನ ಅಂತಸ್ತಿಗೆ ಇಳಿದು, ಚಳಿಗಾಲಕ್ಕೆ ಮೇಲಿನ ಅಂತಸ್ತಿಗೆ ಏರುತ್ತಿದ್ದರಂತೆ. ನನ್ನ ಮೊಣಕಾಲು ನೋವಿಗೆಂದು ಮಗ ಹಿಡಿದದ್ದು ಕೆಳಗಿನ ಅಂತಸ್ತು, ಅದೂ ಜನವರಿಯಲ್ಲಿ. ಪರದೆಯ ಸೀರೆ ಬಿಚ್ಚಿ ಹೊದ್ದುಕೊಂಡೆ.

ಮೂರನೇ ದಿನ ಬೆಳಗಿನ ಜಾವ ಮಳೆ. ಅಂಗಳದಲ್ಲಿ ಸೂರಿನ ನೀರು ಬೀಳುವ ಸದ್ದು ಕಿವಿಗೆ ಬಿದ್ದದ್ದೇ ಎದ್ದು, ಕತ್ತಲಲ್ಲಿ ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ತಂದು ಸಾಲಾಗಿ ಇಟ್ಟೆ. ಇಟ್ಟಾದ ಮೇಲೆ ಎಚ್ಚರವಾಯಿತು. ಬೆಳಿಗ್ಗೆ ಮುದುಕಿ ಮೇಲಿನಿಂದ ನೋಡಿದಾಗ ಆ ಸ್ಟೈಲಾದ ಅಂಗಳದಲ್ಲಿ ಎರಡು ಬಾಣಲೆ, ಒಂದು ಸಲಾಡ್ ಬೋಗುಣಿ, ಮಧ್ಯೆ ನಮ್ಮ ಕುಕ್ಕರು. ನಾನು ತಲೆ ಎತ್ತಲಿಲ್ಲ.

ಕತೀಡ್ರಲ್ಲಿಗೆ ಅಂಟಿಕೊಂಡ ಹಿರಾಲ್ದಾ ಗೋಪುರ ಮೊದಲು ಮಸೀದಿಯ ಮಿನಾರು, ಮುಗಿದದ್ದು 1198ರಲ್ಲಿ. ತುದಿಯ ಗಂಟೆಮನೆ 16ನೆಯ ಶತಮಾನದಲ್ಲಿ ಸೇರಿದ್ದು. ತುದಿಯಲ್ಲಿ ಗಾಳಿಗೆ ತಿರುಗುವ ಬೊಂಬೆಯಿರುವುದಕ್ಕೆ 'ತಿರುಗುವುದು' ಅನ್ನುವ ಅರ್ಥದ ಈ ಹೆಸರು. ಮುದ್ದೆ ದಿನದಿಂದ ಇವರಿಗೂ ಈ ಹೆಸರು ಸಲ್ಲಬೇಕು. ಒಳಗೆ ಮೆಟ್ಟಿಲಿನ ಬದಲು 35 ಇಳಿಜಾರುಗಳು. ಬಾಂಗು ಕೂಗುವವನು ಕುದುರೆಯ ಮೇಲೆ ಕೂತೇ ಮೇಲಕ್ಕೆ ಹೋಗಲಿ ಅಂತ ಹಾಗೆ ಕಟ್ಟಿದ್ದಂತೆ. ನಾನು ಹುಟ್ಟಿದ ಊರಿನಲ್ಲಿ ಟಿಪ್ಪುವಿನ ಕಾಲದಿಂದಲೂ ಕುದುರೆ ಫಾರಮ್ಮು. "ಕುಣಿಗಲ್ ಕುದುರೆಗೆ ಇದೆಲ್ಲ ಯಾವ ಲೆಕ್ಕ" ಅಂತ ಹೊರಟೆ. ಹನ್ನೊಂದನೇ ತಿರುವಿನಲ್ಲಿ ಕೂತುಬಿಟ್ಟೆ. ಮಗ ಬೆನ್ನು ತಳ್ಳಿದ, ಇವರು ಕೈ ಎಳೆದರು. "ದೇವರಾಯನದುರ್ಗದಲ್ಲೂ ಹೀಗೇ ಮಾಡ್ದೆ" ಅಂತ ಹಳೇ ಕಡತ ಬಿಚ್ಚಿದರು.

ಇಳಿದು ಬಂದರೆ ಬೀದಿಯ ಎರಡೂ ಬದಿ ಕಿತ್ತಳೆ ಮರ, ಗೊಂಚಲು ಗೊಂಚಲು ಹಣ್ಣು, ಒಬ್ಬರೂ ಮುಟ್ಟುತ್ತಿಲ್ಲ. ಗುಬ್ಬಿ ಪೇಟೆಯಲ್ಲಿ ಇಂಥ ಮರ ಒಂದು ಗಂಟೆ ಉಳಿಯುತ್ತಿತ್ತೇ? ಕೆಳಗೆ ಬಿದ್ದಿದ್ದ ಒಂದನ್ನು ಸೀರೆಗೆ ಒರೆಸಿ ಸುಲಿದು ಬಾಯಿಗಿಟ್ಟೆ. ಹುಳಿ, ಅದರ ಹಿಂದೆ ಕಹಿ. ಮಗ ನಕ್ಕ: "ಅದಕ್ಕೇ ಯಾರೂ ತಿನ್ನಲ್ಲ ಕಣಮ್ಮಾ. ಇಂಗ್ಲೆಂಡಿನವರು ತರಿಸ್ಕೊಂಡು ಮಾರ್ಮಲೇಡ್ ಮಾಡ್ತಾರೆ, ಅಷ್ಟೇ." ನನಗೆ ಮಾತ್ರ ಕಣ್ಣು ತೇವವಾಯಿತು. ಇದು ನಮ್ಮ ಹೇರಳೆಕಾಯಿ! ಅಲ್ಲಿ ಇದಕ್ಕೆ ನರಾಂಹ ಅನ್ನುತ್ತಾರೆ. ನಮ್ಮ ಸಂಸ್ಕೃತದ ನಾರಂಗವೇ ಪರ್ಷಿಯಾ, ಅರಬಸ್ಥಾನ ಸುತ್ತಿ ಅಲ್ಲಿ ಹೋಗಿ ನೆಲೆಸಿದೆ. ಮೆಣಸಿನಕಾಯಿ ಅಲ್ಲಿಂದ ಇಲ್ಲಿಗೆ, ನಾರಂಗ ಇಲ್ಲಿಂದ ಅಲ್ಲಿಗೆ. ನಾನೊಬ್ಬಳು ಎರಡನ್ನೂ ಸೇರಿಸಿ ಗೊಜ್ಜು ಮಾಡಬಾರದೇ? ಇವರು "ಜೈಲು, ಜೈಲು" ಅನ್ನುತ್ತ ಆ ಕಡೆ ತಿರುಗಿ ನಿಂತರು. ಬಿದ್ದ ಹಣ್ಣು ಐದು ಆರಿಸಿ ಸೆರಗಿಗೆ ಕಟ್ಟಿದೆ. ಬೀದಿಯ ಹೊಗೆ ಕುಡಿದ ಹಣ್ಣು ಅಂತ ಮಗ ಗೊಣಗಿದ. ಉಪ್ಪು, ಅರಿಸಿನದ ನೀರಿನಲ್ಲಿ ತೊಳೆದೆ. ಗೂಡಿನ ಕುಟ್ಟಾಣಿ ಕೆಳಗಿಳಿಸಿ ಮೆಂತ್ಯ, ಸಾಸಿವೆ ಕುಟ್ಟಿದೆ. ಹೇರಳೆಕಾಯಿ ಚಿತ್ರಾನ್ನವನ್ನು ಗೊಣಗಿದವನೇ ಮೂರು ಸಲ ಬಡಿಸಿಕೊಂಡ.

ಹೊರಡುವ ದಿನ ಮನೆಯೊಡತಿ ಕೀಲಿ ತೆಗೆದುಕೊಳ್ಳಲು ಬಂದು ಗೂಡನ್ನೇ ನೋಡುತ್ತ ನಿಂತಳು. ನಾನು ಕುಟ್ಟಾಣಿಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಬಂಗಾರದ ಹಾಗೆ ಹೊಳೆಯಿಸಿ ಇಟ್ಟಿದ್ದೆ. ಹೊಗಳಿಕೆಗೆ ಕಾದೆ. ಅವಳು ಮಗನ ಹತ್ತಿರ ಮೆಲ್ಲಗೆ ಏನೋ ಹೇಳಿದಳು. ಓಣಿಯ ತುದಿಗೆ ಬಂದ ಮೇಲೆ ಅವನು ಬಾಯಿಬಿಟ್ಟ: "ಅದು ಅವರಜ್ಜೀದಂತೆ. ಆ ಕಪ್ಪು ಬಣ್ಣ ಬರೋಕೆ ನೂರು ವರ್ಷ ಬೇಕಾಯ್ತಂತೆ."

ಇವರು ನನ್ನ ಮುಖ ನೋಡಿದರು. ನಾನು ಸೂಟ್‌ಕೇಸಿನ ಚಕ್ರ ನೋಡಿದೆ.

ತುಮಕೂರಿಗೆ ಬಂದು ಹದಿನೈದು ದಿನ ತಡೆದುಕೊಂಡೆ. ಒಂದು ಮಧ್ಯಾಹ್ನ ಇವರು ಮಲಗಿದ್ದಾಗ ಅವರ ಮೊಬೈಲಿನಲ್ಲಿ 'ಬೆಂಗಳೂರು ಕಂಬ' ಅಂತ ಇದ್ದ ನಂಬರಿಗೆ ಫೋನು ಮಾಡಿದೆ. ಹಾಲಿನ ಮೂಲೆಗೆ ಶೋಕಿಗೆ ಒಂದು ಹಳೇ ಕಂಬ ಬೇಕಿತ್ತು, ಅಂದೆ. ನಾನು ಯಾರೆಂದು ಹೇಳಲಿಲ್ಲ.

"ಇದೆ ಮೇಡಂ, ಒಂದೇ ಉಳಿದಿರೋದು. ಗುಬ್ಬಿ ಕಡೆ ತೊಟ್ಟಿ ಮನೇದು, ಒರಿಜಿನಲ್. 65,000 ಆಗತ್ತೆ."

ಇವರು ಮಲಗಿದ್ದಲ್ಲಿಂದಲೇ, ಕಣ್ಣು ಮುಚ್ಚಿಕೊಂಡೇ, "ಐದು ರಾತ್ರಿಗೆ ಒಂದು ಕಂಬ" ಅಂದರು.

"ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅಂದೆ ವ್ಯಾಪಾರಿಗೆ.

"ಆಗಲ್ಲ ಮೇಡಂ. ಫೋಟೊ ಕಳಿಸ್ತೀನಿ, ನೋಡಿ. ನಡು ಮಟ್ಟಕ್ಕಿಂತ ಸ್ವಲ್ಪ ಕೆಳಗೆ ತಟ್ಟೆಯಗಲ ಒಂದು ಪಾಲಿಷ್ ಇದೆ, ಕರೀದು, ಕನ್ನಡಿ ಥರ. ಏನು ಹಾಕಿದ್ರೋ ಏನೋ, ಈಗಿನ ಯಾವ ಬಡಗಿ ಕೈಲೂ ಆಗಲ್ಲ. ರೇಟು ಇರೋದೇ ಅದಕ್ಕೆ."